ಮಕ್ಕಳ ಕ್ರೀಡಾ ತರಬೇತಿ: ಕೋಚ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಆಟ ಕಲಿಸುವವರು ಎದುರು ಸಿಕ್ಕಾಗ, ಫೋನ್ ಮಾಡಿದಾಗ, ಪತ್ರ ಬರೆದಾಗ ಕೇಳುವುದು ಹೆಚ್ಚೂ ಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಈಗಾಗಲೇ ಮೈದಾನದಲ್ಲಿ ಇರುವವರು ತಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆಟ ಯಾವುದೇ ಇರಲಿ, 6ರಿಂದ 17 ವರ್ಷದ ಮಕ್ಕಳ ಗುಂಪಿಗೆ ಈ ಉತ್ತರಗಳು ಹೊಂದುತ್ತವೆ.

## ಈಗಷ್ಟೇ ಶುರು ಮಾಡುವವರಿಗೆ

ನಾನು ಅಂಥಾ ದೊಡ್ಡ ಆಟಗಾರ ಏನಲ್ಲ. ಮಕ್ಕಳಿಗೆ ಕೋಚಿಂಗ್ ಮಾಡಬಹುದಾ?

ಖಂಡಿತ ಮಾಡಬಹುದು. ಆಡುವುದು ಒಂದು ವಿದ್ಯೆ, ಕಲಿಸುವುದು ಇನ್ನೊಂದು. ಆಟ ಸಲೀಸಾಗಿ ಒಲಿದವರಿಗೆ ಎಷ್ಟೋ ಸಲ ಮಗು ಎಲ್ಲಿ ಎಡವುತ್ತಿದೆ ಅನ್ನುವುದೇ ಕಾಣುವುದಿಲ್ಲ, ಯಾಕೆಂದರೆ ಅವರು ಅಲ್ಲಿ ಯಾವತ್ತೂ ಎಡವಿರುವುದಿಲ್ಲ. ನಿಮಗೆ ಬೇಕಾದದ್ದು ಆಟದ ನಿಯಮಗಳ ಅರಿವು, ಪ್ರಥಮ ಚಿಕಿತ್ಸೆಯ ತರಬೇತಿ, ಮತ್ತೆ ಬೇಕಾದಷ್ಟು ತಾಳ್ಮೆ. ನಿಮ್ಮ ಆಟದ ಸಂಸ್ಥೆಯವರು ಮೊದಲ ಹಂತದ ಕೋಚಿಂಗ್ ಕೋರ್ಸ್ ನಡೆಸುತ್ತಿದ್ದರೆ ಮಾಡಿಕೊಳ್ಳಿ. ಒಂದು ಹೊಡೆತವನ್ನು ನೀವೇ ಮಾಡಿ ತೋರಿಸಲು ಆಗದಿದ್ದರೆ ಚಿಂತೆ ಬೇಡ. ಗುಂಪಿನಲ್ಲಿ ಅದು ಬರುವ ಮಗುವಿನಿಂದ ಮಾಡಿಸಿ. ತಮ್ಮ ವಾರಿಗೆಯವರು ಮಾಡಿದ್ದನ್ನು ನೋಡಿದರೆ ಉಳಿದವರಿಗೂ ‘ನಾನೂ ಮಾಡಬಹುದು’ ಅನಿಸುತ್ತದೆ.

ಒಂದು ಸೆಷನ್ ಎಷ್ಟು ಹೊತ್ತು ಇರಬೇಕು?

ನಾನು 8 ವರ್ಷದೊಳಗಿನವರಿಗೆ 45 ನಿಮಿಷ, 9ರಿಂದ 12ರವರಿಗೆ ಒಂದು ಗಂಟೆ, ಅದಕ್ಕಿಂತ ದೊಡ್ಡವರಿಗೆ ಒಂದೂಕಾಲರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳುತ್ತೇನೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅರವತ್ತೂ ನಿಮಿಷ ನಿಮ್ಮ ಮೈದಾನದಲ್ಲೇ ಆಗಬೇಕು ಅಂತೇನಿಲ್ಲ. ಆದರೆ ಮಕ್ಕಳು ನಿಮ್ಮ ಹತ್ತಿರ ಕಳೆಯುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿಂತೇ ಕಳೆದರೆ ಆ ಗಂಟೆಗೆ ಅರ್ಥ ಇಲ್ಲ. ‘ಇನ್ನೂ ಸ್ವಲ್ಪ ಆಡಬೇಕು’ ಅನಿಸುವಾಗಲೇ ಮುಗಿಸಿ.

ಪ್ಲಾನ್ ಬರೆದೇ ಇಡಬೇಕಾ? ಮನಸ್ಸಿನಲ್ಲಿದ್ದರೆ ಸಾಲದಾ?

ಬರೆಯಿರಿ. ಅರ್ಧ ಹಾಳೆ ಸಾಕು. ಮನಸ್ಸಿನಲ್ಲಿ ಇರುವ ಪ್ಲಾನ್ ಮೊದಲ ಮಗು ಅತ್ತ ಕೂಡಲೇ ಮರೆತುಹೋಗುತ್ತದೆ.

ನನ್ನ ಒಂದು ಹಾಳೆಯನ್ನೇ ತೋರಿಸುತ್ತೇನೆ. 10 ವರ್ಷದ 16 ಮಕ್ಕಳು, ಫುಟ್‌ಬಾಲ್. ಮೇಲೆ ಒಂದೇ ಸಾಲು: ‘ಪಾಸ್ ಕೊಟ್ಟ ಮೇಲೆ ನಿಲ್ಲಬಾರದು, ಜಾಗ ಬದಲಿಸಬೇಕು.’ ಇವತ್ತು ಕಲಿಸುವುದು ಅಷ್ಟೇ. ಮೊದಲ 10 ನಿಮಿಷ ಬಾಲ್ ಇಟ್ಟುಕೊಂಡು ಮುಟ್ಟಾಟ, ಅದೇ ವಾರ್ಮ್ ಅಪ್. ಆಮೇಲೆ 12 ನಿಮಿಷ ನಾಲ್ಕು ಚೌಕ, ಒಂದೊಂದು ಚೌಕದಲ್ಲಿ ಮೂವರು ಪಾಸ್ ಮಾಡುವವರು, ಒಬ್ಬ ಕಸಿಯುವವನು. 3 ನಿಮಿಷ ನೀರು. ನೀರು ಕುಡಿಯುವಾಗ ಒಂದು ಪ್ರಶ್ನೆ: ‘ಬಾಲ್ ಜಾಸ್ತಿ ಕಳೆದುಕೊಂಡಿದ್ದು ಯಾವಾಗ?’ ನಂತರ 15 ನಿಮಿಷ ಎರಡು ಪುಟ್ಟ ಅಂಕಣದಲ್ಲಿ ನಾಲ್ವರ ಮೇಲೆ ನಾಲ್ವರು. ಪಾಸ್ ಕೊಟ್ಟವರು ನಿಂತಲ್ಲೇ ನಿಂತರೆ ಬಾಲ್ ಎದುರಾಳಿಗೆ. ಇನ್ನು 15 ನಿಮಿಷ ಯಾವ ಷರತ್ತೂ ಇಲ್ಲದ ಮ್ಯಾಚ್. ಕೊನೆಯ 5 ನಿಮಿಷ ಮೈ ತಣಿಸಿಕೊಳ್ಳುವುದು, ಎರಡು ಮಾತು.

ಹಾಳೆಯ ಕೆಳಗೆ ಇನ್ನೂ ಎರಡು ಸಾಲು ಇರುತ್ತವೆ: ‘13 ಜನ ಬಂದರೆ?’, ‘19 ಜನ ಬಂದರೆ?’ ಲೆಕ್ಕ ಹಾಕಿದಷ್ಟೇ ಮಕ್ಕಳು ಬರುವುದು ತೀರಾ ಅಪರೂಪ. ಆ ಎರಡು ಸಾಲು ಬರೆದಿಟ್ಟ ದಿನ ನನಗೆ ಮೈದಾನದಲ್ಲಿ ಗಡಿಬಿಡಿ ಆಗಿದ್ದಿಲ್ಲ.

ವಾರ್ಮ್ ಅಪ್‌ಗೆ ಮೈದಾನ ಎರಡು ಸುತ್ತು ಓಡಿಸಿದರೆ ಸಾಕಲ್ವಾ?

ಮೈ ಬಿಸಿಯಾಗುತ್ತದೆ, ಅಷ್ಟೇ. ತಿರುಗುವುದು, ಹಾರುವುದು, ಇಳಿಯುವುದು, ತಟ್ಟನೆ ನಿಲ್ಲುವುದು ಇದ್ಯಾವುದಕ್ಕೂ ಮೈ ಸಿದ್ಧವಾಗಿರುವುದಿಲ್ಲ. ಫುಟ್‌ಬಾಲ್‌ನಲ್ಲಿ ಬಳಸುವ ‘ಫಿಫಾ 11 ಪ್ಲಸ್’ ಒಳ್ಳೆಯ ಮಾದರಿ. ಮೊದಲು ನಿಧಾನದ ಓಟ, ಆಮೇಲೆ ಕಾಲು-ಸೊಂಟದ ಬಲ, ಸಮತೋಲನ, ಜಿಗಿತ, ಕೊನೆಗೆ ವೇಗದ ಓಟ. ಎಲ್ಲ ಸೇರಿ ಸುಮಾರು 20 ನಿಮಿಷ. ಚಿಕ್ಕ ಮಕ್ಕಳಿಗೆ ಇದರದೇ ಬೇರೆ ರೂಪ ಇದೆ. ಜಿಗಿದಾಗ ಮಂಡಿ ಒಳಗೆ ವಾಲದಂತೆ ಮೆತ್ತಗೆ ಇಳಿಯುವುದನ್ನು ಯಾವ ಆಟದವರಾದರೂ ಕಲಿಸಬೇಕು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಎಳೆದು ಹಿಡಿಯುವ ಸ್ಟ್ರೆಚ್‌ಗಳನ್ನು ಕೊನೆಗೆ ಇಡಿ. ಆಟಕ್ಕೆ ಮುಂಚೆ ಅವನ್ನು ಮಾಡಿದರೆ ಸ್ನಾಯುವಿನ ಚುರುಕು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ.

ದೊಡ್ಡವರ ಬಾಲ್, ದೊಡ್ಡವರ ಅಂಕಣದಲ್ಲೇ ಆಡಿಸಿದರೆ ಬೇಗ ಕಲಿಯಲ್ವಾ?

ಇಲ್ಲ. ಬ್ಯಾಸ್ಕೆಟ್‌ಬಾಲ್ ರಿಂಗ್ ದೊಡ್ಡವರಿಗೆ 3.05 ಮೀಟರ್ ಎತ್ತರದಲ್ಲಿರುತ್ತದೆ, ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್. 9 ವರ್ಷದ ಮಗುವಿನ ಕೈಗೆ ದೊಡ್ಡ ಬಾಲ್ ಕೊಟ್ಟು, ದೊಡ್ಡ ರಿಂಗ್‌ಗೆ ಎಸೆಯಲು ಹೇಳಿ ನೋಡಿ. ಅದು ಬಾಲನ್ನು ಸೊಂಟದ ಪಕ್ಕಕ್ಕೆ ತಂದು, ಮೈಯನ್ನೆಲ್ಲ ತಿರುಚಿ, ಎರಡೂ ಕೈಯಿಂದ ಮೇಲಕ್ಕೆ ತಳ್ಳುತ್ತದೆ. ಆ ತಿರುಚು ಅಭ್ಯಾಸವಾಗಿಬಿಟ್ಟರೆ ಬಿಡಿಸುವುದು ಕಷ್ಟ. ರಿಂಗ್ ಇಳಿಸಿ, ನೆಟ್ ಇಳಿಸಿ, ಬ್ಯಾಟ್ ಹಗುರ ಮಾಡಿ, ಅಂಕಣ ಕಿರಿದು ಮಾಡಿ.

## ಮೈದಾನದಲ್ಲಿ

ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದರೆ ಶಿಸ್ತಾಗಿರುತ್ತೆ. ಅದರಲ್ಲೇನು ತಪ್ಪು?

ಲೆಕ್ಕ ಹಾಕೋಣ. 12 ಮಕ್ಕಳ ಸಾಲು. ಒಬ್ಬರ ಸರದಿಗೆ 10 ಸೆಕೆಂಡ್. ಅಂದರೆ ಪ್ರತಿ ಮಗುವಿಗೂ ಎರಡು ನಿಮಿಷಕ್ಕೊಮ್ಮೆ ಸರದಿ. 20 ನಿಮಿಷದಲ್ಲಿ 10 ಸರದಿ, ಒಟ್ಟು 100 ಸೆಕೆಂಡ್. ಇಪ್ಪತ್ತು ನಿಮಿಷ ಅಭ್ಯಾಸ ಮಾಡಿಸಿದೆ ಅಂತ ನಾವು ಅಂದುಕೊಂಡಿದ್ದರೆ ಮಗು ಎರಡು ನಿಮಿಷವೂ ಆಡಿಲ್ಲ. ಅದೇ 12 ಮಕ್ಕಳನ್ನು ಮೂವರಂತೆ ನಾಲ್ಕು ಗುಂಪು ಮಾಡಿದರೆ 40 ಸರದಿ.

ಸಾಲಿನಲ್ಲಿ ಇನ್ನೊಂದು ತೊಂದರೆ ಇದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಸರದಿ ಹತ್ತಿರ ಬಂದಾಗ ಬಗ್ಗಿ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಹಿಂದಿನವರು ಅವಳನ್ನು ದಾಟಿ ಹೋಗುತ್ತಿದ್ದರು. ಎಲ್ಲರೂ ನೋಡುತ್ತಾ ನಿಂತಿರುವಾಗ ತಪ್ಪು ಮಾಡುವ ಹೆದರಿಕೆ ಅವಳಿಗೆ. ನನ್ನ ಗಮನಕ್ಕೆ ಬಂದಿದ್ದು ಮೂರು ವಾರ ಆದ ಮೇಲೆ. ಮೂವರ ಗುಂಪಿಗೆ ಹಾಕಿದ ದಿನ ಅವಳ ಲೇಸ್ ಒಂದು ಸಲವೂ ಬಿಚ್ಚಲಿಲ್ಲ.

ನಾನು ವಿವರಿಸುವಾಗ ಒಬ್ಬರೂ ಕೇಳಿಸಿಕೊಳ್ಳೋದಿಲ್ಲ. ಏನು ಮಾಡಲಿ?

ಮಾತು ಕಡಿಮೆ ಮಾಡಿ. ಅರ್ಧ ನಿಮಿಷ, ಒಂದು ವಿಷಯ, ಒಂದು ಸಲ ಮಾಡಿ ತೋರಿಸುವುದು, ‘ಸರಿ, ಶುರು’. ಅರ್ಥವಾಗದವರು ಪಕ್ಕದವರನ್ನು ನೋಡಿ ಹಿಡಿದುಕೊಳ್ಳುತ್ತಾರೆ. ಬಾಲ್‌ಗಳನ್ನು ಮೊದಲು ಕೆಳಗೆ ಇಡಿಸಿ, ಕೈಯಲ್ಲಿ ಬಾಲ್ ಇದ್ದರೆ ಕುಟ್ಟದೆ ಇರುವುದು ಯಾವ ಮಗುವಿಗೂ ಆಗುವುದಿಲ್ಲ. ನಿಮ್ಮ ಮುಖಕ್ಕೆ ಬಿಸಿಲು, ಮಕ್ಕಳ ಬೆನ್ನಿಗೆ ಬಿಸಿಲು ಬೀಳುವಂತೆ ನಿಲ್ಲಿ. ಅವರ ಹಿಂದೆ ಗೋಡೆಯೋ ಮರವೋ ಇರಬೇಕಾಗಿಲ್ಲ, ಆದರೆ ನಿಮ್ಮ ಹಿಂದೆ ಇನ್ನೊಂದು ಮ್ಯಾಚ್ ನಡೆಯುತ್ತಿರಬಾರದು.

ತಪ್ಪು ಮಾಡಿದ ತಕ್ಷಣ ತಿದ್ದಬೇಕಾ?

ಮೊದಲ ತಪ್ಪಿಗೇ ಬೇಡ. ಮೂರು ಸಲ ನೋಡಿ. ಅದೇ ತಪ್ಪು ಮೂರು ಸಲವೂ ಕಂಡರೆ ಹತ್ತಿರ ಹೋಗಿ ಮೆಲ್ಲಗೆ ಹೇಳಿ, ಇಡೀ ಗುಂಪನ್ನು ನಿಲ್ಲಿಸಬೇಡಿ. ಹೇಳುವ ರೀತಿಯೂ ಮುಖ್ಯ. ‘ಮೊಣಕೈ ನೇರ ಮಾಡು, ಮಣಿಕಟ್ಟು ಬಗ್ಗಿಸು’ ಅಂದರೆ ಮಗುವಿನ ಗಮನವೆಲ್ಲ ತನ್ನ ಕೈಮೇಲೆ ಹೋಗಿ ಚಲನೆ ಬಿಗಿಯಾಗುತ್ತದೆ. ‘ಬಾಲ್ ರಿಂಗ್‌ನ ಮೇಲಿಂದ ಇಳಿಯಬೇಕು’ ಅಂದರೆ ಕೈ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಗಮನ ಮೈಯ ಮೇಲಿರುವುದಕ್ಕಿಂತ ಚಲನೆಯ ಫಲದ ಮೇಲಿದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ ಎಷ್ಟೋ ಪ್ರಯೋಗಗಳಲ್ಲಿ ತೋರಿಸಿದ್ದಾರೆ.

ಸರಿಯಾಗಿ ಮಾಡಿದಾಗಲೂ ಹೇಳಿ. ಬರೀ ‘ಸೂಪರ್’ ಅನ್ನಬೇಡಿ. ‘ಬಾಲ್ ಬರೋ ಮುಂಚೆನೇ ತಲೆ ಎತ್ತಿ ನೋಡಿದೆಯಲ್ಲ, ಅದು ಚೆನ್ನಾಗಿತ್ತು’ ಅಂದರೆ ಮತ್ತೆ ಏನು ಮಾಡಬೇಕು ಅನ್ನುವುದು ಮಗುವಿಗೆ ಗೊತ್ತಾಗುತ್ತದೆ.

ಡ್ರಿಲ್‌ನಲ್ಲಿ ಚೆನ್ನಾಗಿ ಮಾಡ್ತಾರೆ, ಮ್ಯಾಚ್‌ಗೆ ಇಳಿದರೆ ಎಲ್ಲ ಮರೆತು ಹೋಗುತ್ತೆ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೇಳಿದಾಗ ಹೆಚ್ಚಿನವರಿಗೆ ಬೇಸರ ಆಗುತ್ತದೆ: ಡ್ರಿಲ್‌ನಲ್ಲಿ ಅವರು ಕಲಿತದ್ದು ಆ ಡ್ರಿಲ್ ಅನ್ನು, ಆಟವನ್ನಲ್ಲ.

ಕೋನ್‌ಗಳ ನಡುವೆ ಬಾಲ್ ಒಯ್ಯುವ ಮಗುವಿಗೆ ಕೋನ್ ಎಲ್ಲಿದೆ ಅಂತ ಮೊದಲೇ ಗೊತ್ತು. ಕೋನ್ ಕಾಲು ಚಾಚುವುದಿಲ್ಲ. ಮ್ಯಾಚ್‌ನಲ್ಲಿ ಅರ್ಧ ಕೆಲಸ ಕಣ್ಣಿನದು: ಯಾರು ಎಲ್ಲಿದ್ದಾರೆ, ಯಾವ ಕಡೆ ಖಾಲಿ ಇದೆ, ಈಗ ಕೊಡಬೇಕೋ ಇಟ್ಟುಕೊಳ್ಳಬೇಕೋ. ಡ್ರಿಲ್‌ನಲ್ಲಿ ಆ ಅರ್ಧವನ್ನು ನಾವೇ ತೆಗೆದುಹಾಕಿಬಿಟ್ಟಿರುತ್ತೇವೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಬಂಕರ್ ಮತ್ತು ಥಾರ್ಪ್ 1982ರಲ್ಲೇ ಈ ಮಾತು ಎತ್ತಿದರು. ಮೊದಲು ಸಣ್ಣ ರೂಪದಲ್ಲಿ ಆಟವನ್ನೇ ಆಡಿಸಿ, ಅಲ್ಲಿ ಒಂದು ಕೌಶಲ ಬೇಕು ಅಂತ ಮಗುವಿಗೇ ಅನಿಸಿದಾಗ ಅದನ್ನು ಕಲಿಸಿ ಅನ್ನುವುದು ಅವರ ದಾರಿ.

ಇನ್ನೊಂದು ಕಾರಣ, ಒಂದೇ ಚಲನೆಯನ್ನು ಐವತ್ತು ಸಲ ಸತತವಾಗಿ ಮಾಡಿಸುವುದು. 1979ರಲ್ಲಿ ಶೇ ಮತ್ತು ಮಾರ್ಗನ್ ಒಂದು ಪ್ರಯೋಗ ಮಾಡಿದರು. ಕೈಯ ಮೂರು ಬಗೆಯ ಚಲನೆ. ಒಂದು ಗುಂಪು ಒಂದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಬೆರೆಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚೆನ್ನಾಗಿ ಮಾಡಿತು. ಹತ್ತು ದಿನ ಬಿಟ್ಟು ನೋಡಿದಾಗ ನೆನಪು ಉಳಿದಿದ್ದು ಬೆರೆಸಿ ಮಾಡಿದ ಗುಂಪಿಗೆ. ಹಾಗಾಗಿ ಕೈಗೆ ಮೊದಲು ಹತ್ತುವವರೆಗೆ ಒಂದನ್ನೇ ಮಾಡಿಸಿ. ಆಮೇಲೆ ಬೆರೆಸಿ. ದೂರ ಬದಲಿಸಿ, ವೇಗ ಬದಲಿಸಿ, ಎದುರಾಳಿಯನ್ನು ತನ್ನಿ. ಅಭ್ಯಾಸ ನೋಡಲು ಅಂದವಾಗಿ ಇರುವುದಿಲ್ಲ, ಬಾಲ್ ಎಲ್ಲೆಲ್ಲೋ ಹೋಗುತ್ತದೆ. ಹೆದರಬೇಡಿ. ಮೂರನೇ ವಾರದ ಮ್ಯಾಚ್ ನೋಡಿ ಆಮೇಲೆ ತೀರ್ಮಾನ ಮಾಡಿ.

ಒಂದೇ ಗುಂಪಿನಲ್ಲಿ ಚುರುಕಾದವರೂ ಇದ್ದಾರೆ, ತೀರಾ ಹೊಸಬರೂ ಇದ್ದಾರೆ. ಹೇಗೆ ನಿಭಾಯಿಸಲಿ?

ನಾಲ್ಕು ವಿಷಯ ಕೈಯಲ್ಲಿಟ್ಟುಕೊಳ್ಳಿ: ಜಾಗ, ಕೆಲಸ, ಸಾಮಾನು, ಜನ. ಹೊಸಬರಿಗೆ ಜಾಗ ದೊಡ್ಡದು ಮಾಡಿದರೆ ಯೋಚಿಸಲು ಹೊತ್ತು ಸಿಗುತ್ತದೆ. ಚುರುಕಾದವರಿಗೆ ಕೆಲಸ ಕಷ್ಟ ಮಾಡಿ, ‘ನೀನು ಎಡಗಾಲಲ್ಲಿ ಮಾತ್ರ’ ಅನ್ನಿ. ಹೊಸಬರಿಗೆ ಬಾಲ್ ನಿಧಾನದ್ದು ಕೊಡಿ. ಚುರುಕಾದ ಇಬ್ಬರ ಮೇಲೆ ಮೂವರು ಹೊಸಬರನ್ನು ಬಿಡಿ. ಅಂಗವಿಕಲ ಮಗು ಗುಂಪಿನಲ್ಲಿದ್ದರೂ ಇದೇ ನಾಲ್ಕನ್ನು ಬದಲಿಸಿ ಆಡಿಸಬಹುದು. ಏನು ಬದಲಿಸಿದರೆ ಅನುಕೂಲ ಅಂತ ಮೊದಲು ಆ ಮಗುವನ್ನೇ ಕೇಳಿ, ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಚುರುಕಾದವರನ್ನು ಯಾವಾಗಲೂ ಸಹಾಯಕರನ್ನಾಗಿಯೇ ಮಾಡಬೇಡಿ. ಅವರೂ ಕಲಿಯಲು ಬಂದವರು.

ಗಲಾಟೆ ಮಾಡುವವನಿಗೆ ಪುಶ್ ಅಪ್ ಹೊಡೆಸಬಹುದಾ?

ಬೇಡ. ವ್ಯಾಯಾಮ ಅಂದರೆ ಶಿಕ್ಷೆ ಅಂತ ಮನಸ್ಸಿಗೆ ಕೂತುಬಿಟ್ಟರೆ ಆ ಮಗು ದೊಡ್ಡವನಾದ ಮೇಲೂ ವ್ಯಾಯಾಮದಿಂದ ದೂರ ಓಡುತ್ತದೆ. ಕೈ ಎತ್ತುವುದು, ಅವಮಾನ ಮಾಡುವುದಂತೂ ಕೂಡದೇ ಕೂಡದು. ಗಲಾಟೆ ಯಾವಾಗ ಆಗುತ್ತದೆ ಗಮನಿಸಿ. ಬಹುಪಾಲು ಅದು ಕಾಯುವಾಗ, ಇಲ್ಲವೇ ಆಟ ತೀರಾ ಸುಲಭ ಅಥವಾ ತೀರಾ ಕಷ್ಟ ಆದಾಗ. ಎಲ್ಲ ಸರಿ ಇದ್ದೂ ನಿಲ್ಲದಿದ್ದರೆ ಎರಡು ನಿಮಿಷ ಹೊರಗೆ ಕೂರಿಸಿ, ಪಕ್ಕ ಹೋಗಿ ಮಾತಾಡಿಸಿ, ವಾಪಸ್ ಕರೆದುಕೊಳ್ಳಿ.

ಚಿಕ್ಕ ಮಕ್ಕಳಿಗೆ ಕಪ್, ರ‍್ಯಾಂಕು ಇಲ್ಲದಿದ್ದರೆ ಹುಮ್ಮಸ್ಸು ಬರುತ್ತಾ?

ಬರುತ್ತದೆ. ಸ್ಕೋರ್ ಅವರೇ ಲೆಕ್ಕ ಇಟ್ಟುಕೊಳ್ಳುತ್ತಾರೆ, ಐದು ನಿಮಿಷದಲ್ಲಿ ಮರೆಯುತ್ತಾರೆ. ಮರೆಯದವರು ದೊಡ್ಡವರು. ನಾರ್ವೆ 1987ರಿಂದಲೇ ಮಕ್ಕಳ ಕ್ರೀಡೆಗೆ ನಿಯಮ ಮಾಡಿಕೊಂಡಿದೆ. ಅಲ್ಲಿ ಮಕ್ಕಳಿಗೆ 11 ವರ್ಷ ತುಂಬುವ ವರ್ಷದವರೆಗೆ ಪಟ್ಟಿ, ರ‍್ಯಾಂಕ್ ಇಲ್ಲ. ಆ ಚಿಕ್ಕ ದೇಶ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲುವುದಂತೂ ಕಡಿಮೆಯಾಗಿಲ್ಲ.

ಪೋಷಕರು ಗೆರೆಯಾಚೆ ನಿಂತು ಕೂಗ್ತಾನೇ ಇರ್ತಾರೆ. ಹೇಗೆ ಹೇಳೋದು?

ಸೀಸನ್ ಶುರುವಾಗುವ ಮೊದಲೇ ಒಂದು ಸಭೆ ಕರೆಯಿರಿ. ‘ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ, ಪಾಸ್ ಕೊಡು, ಹೊಡಿ ಅಂತ ಮಾತ್ರ ಹೇಳಬೇಡಿ’ ಅಂತ ಕಾರಣ ಸಮೇತ ಹೇಳಿ: ಹಾಗೆ ಕೂಗಿದರೆ ಮಗು ಆಟ ನೋಡುವುದು ಬಿಟ್ಟು ಅಪ್ಪನ ಮುಖ ನೋಡುತ್ತದೆ. ಆಮೇಲೂ ಕೂಗುವವರು ಒಬ್ಬಿಬ್ಬರು ಇರುತ್ತಾರೆ. ಅವರನ್ನು ಎಲ್ಲರೆದುರು ತಡೆಯಬೇಡಿ, ಆಟ ಮುಗಿದ ಮೇಲೆ ಒಬ್ಬರನ್ನೇ ಕರೆದು ಮಾತಾಡಿ.

## ಮಕ್ಕಳ ಸುರಕ್ಷತೆ

ತಲೆಗೆ ಪೆಟ್ಟು ಬಿತ್ತು, ಈಗ ಎದ್ದು ಓಡಾಡ್ತಿದ್ದಾನೆ. ಆಡಿಸಬಹುದಾ?

ಆಡಿಸಬೇಡಿ. ಮಗು ಬೇಡಿಕೊಂಡರೂ, ಅಪ್ಪ ಅಮ್ಮ ಒತ್ತಾಯ ಮಾಡಿದರೂ, ಫೈನಲ್ ಆಗಿದ್ದರೂ ಆ ದಿನ ಮತ್ತೆ ಇಳಿಸುವ ಹಾಗಿಲ್ಲ. ಮಿದುಳು ಅಲುಗಿದ್ದರೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಮಂಕಾಗುವುದು, ಕೇಳಿದ್ದನ್ನೇ ಕೇಳುವುದು, ತಲೆ ತಿರುಗುವುದು, ಬೆಳಕು ಚುಚ್ಚುವುದು ಇವು ಲಕ್ಷಣಗಳು. ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಒಬ್ಬನನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ. ಪದೇ ಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು, ಕೈಕಾಲಲ್ಲಿ ಬಲ ಕುಂದುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಕುತ್ತಿಗೆ ನೋವು ಅಂದರೆ ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೊದಲು ಶಾಲೆಯ ಪಾಠ, ನಂತರ ಹಂತ ಹಂತವಾಗಿ ಆಟ, ಅದೂ ಡಾಕ್ಟರ್ ಒಪ್ಪಿದ ಮೇಲೆ.

ಬಿಸಿಲು, ಗುಡುಗು ಇದ್ದಾಗ ಯಾವ ಹಂತದಲ್ಲಿ ನಿಲ್ಲಿಸಬೇಕು?

ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಎಲ್ಲರೂ ಗಟ್ಟಿ ಕಟ್ಟಡದ ಒಳಗೆ ಹೋಗಬೇಕು, ಮರದಡಿ ಅಲ್ಲ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾದು ಹೊರಗೆ ಬನ್ನಿ. ಬಿಸಿಲಿನಲ್ಲಿ 15-20 ನಿಮಿಷಕ್ಕೊಮ್ಮೆ ನೆರಳು, ನೀರು. ಮಗು ತೊದಲಿದರೆ, ಗೊಂದಲಗೊಂಡರೆ, ಕುಸಿದರೆ ಅದು ಬಿಸಿಲಿನ ಆಘಾತ ಇರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಅದು ಬರುವವರೆಗೆ ಕಾಯದೆ ಆಗಲೇ ತಣ್ಣೀರು ಸುರಿದು ಮೈ ತಂಪು ಮಾಡಲು ಶುರು ಮಾಡಿ.

ನಾನೊಬ್ಬನೇ ಕೋಚ್. ಪರವಾಗಿಲ್ವಾ?

ಇನ್ನೊಬ್ಬ ದೊಡ್ಡವರು ಮೈದಾನದಲ್ಲಿ ಇರಲೇಬೇಕು. ಒಂದು ಮಗುವಿಗೆ ಏಟಾಗಿ ನೀವು ಅದರ ಜೊತೆ ಹೋದರೆ ಉಳಿದವರನ್ನು ನೋಡುವವರು ಯಾರು? ಪೋಷಕರಲ್ಲಿ ಒಬ್ಬರನ್ನು ಸರದಿಯಂತೆ ಕೂರಿಸಿಕೊಳ್ಳಿ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಸಂದೇಶ ಕಳಿಸುವುದಿದ್ದರೆ ಪೋಷಕರಿರುವ ಗುಂಪಿಗೇ ಕಳಿಸಿ. ಭಂಗಿ ತಿದ್ದಲು ಮುಟ್ಟಬೇಕಾದರೆ ಮೊದಲು ಕೇಳಿ. ಇದರಿಂದ ಮಕ್ಕಳಿಗೂ ರಕ್ಷಣೆ, ನಿಮಗೂ ರಕ್ಷಣೆ. ಪ್ರತಿ ಮಗುವಿನ ಅಸ್ತಮಾ, ಅಲರ್ಜಿ, ಮನೆಯ ಫೋನ್ ನಂಬರ್ ಬರೆದ ಹಾಳೆ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲೇ ಇರಲಿ.

## ಮುಂದಿನ ಹಂತ

ಚೆನ್ನಾಗಿ ಆಡ್ತಿದ್ದ ಹುಡುಗ, 13 ತುಂಬಿದ ಮೇಲೆ ಎಡವಟ್ಟಾಗಿ ಆಡ್ತಾನೆ, ಮಂಡಿ ನೋವು ಅಂತಾನೆ. ಸೋಮಾರಿತನಾನಾ?

ಸೋಮಾರಿತನ ಅಲ್ಲ, ಬೆಳೆಯುತ್ತಿದ್ದಾನೆ. ಹೆಣ್ಣುಮಕ್ಕಳು 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಒಂದೇ ವರ್ಷದಲ್ಲಿ 9-10 ಸೆಂಟಿಮೀಟರ್ ಬೆಳೆಯುವ ಹುಡುಗರೂ ಇದ್ದಾರೆ. ನಿನ್ನೆ ಇದ್ದ ಕಾಲಿನ ಉದ್ದ ಇವತ್ತಿಲ್ಲ ಅಂದರೆ ಬಾಲ್ ತಪ್ಪುವುದು ಸಹಜ ಅಲ್ವಾ? ಮಂಡಿಯ ಕೆಳಗಿನ ಮೂಳೆಯುಬ್ಬಿನಲ್ಲಿ ಬರುವ ಆಸ್‌ಗುಡ್ ಶ್ಲಾಟರ್ ನೋವು, ಹಿಮ್ಮಡಿಯಲ್ಲಿ ಬರುವ ಸೀವರ್ ನೋವು ಈ ವಯಸ್ಸಿನವು. ಬೆಳೆಯುವ ಮೂಳೆಯ ಮೇಲೆ ಸ್ನಾಯು ಪದೇ ಪದೇ ಎಳೆಯುವುದರಿಂದ ಬರುತ್ತವೆ. ಜಿಗಿತ, ವೇಗದ ಓಟ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರ ಬರೆದಿಟ್ಟುಕೊಂಡರೆ ಯಾರು ಈ ಹಂತದಲ್ಲಿದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ. ಆ ಹುಡುಗನಿಗೂ ವಿಷಯ ತಿಳಿಸಿ. ತನಗೆ ಆಟ ಮರೆತೇ ಹೋಯಿತು ಅಂತ ಅವನು ಒಳಗೊಳಗೇ ಹೆದರಿರುತ್ತಾನೆ.

ಬೇರೆ ಆಟ ಬಿಡಿಸಿ ಒಂದರ ಮೇಲೇ ಗಮನ ಕೊಡಿಸೋದು ಯಾವಾಗ?

ಹೆಚ್ಚಿನ ಆಟಗಳಿಗೆ 15-16 ವರ್ಷದವರೆಗೆ ಕಾಯುವುದು ಒಳ್ಳೆಯದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ವಾರಕ್ಕೆ ಒಂದೆರಡು ದಿನ ರಜೆ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು, ಬೇಕಾದರೆ ಅದನ್ನು ಒಂದೊಂದು ತಿಂಗಳಾಗಿ ಹಂಚಿಕೊಳ್ಳಬಹುದು ಅಂತಲೂ ಹೇಳಿತು. ಸುಲಭದ ಲೆಕ್ಕ ಬೇಕೆಂದರೆ, ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. 11 ವರ್ಷದವರಿಗೆ 11 ಗಂಟೆ, ಅದರಲ್ಲಿ ಶಾಲೆಯ ತಂಡ, ನಿಮ್ಮ ತಂಡ ಎಲ್ಲವೂ ಸೇರಿತು.

ತಂಡಕ್ಕೆ ಆರಿಸುವಾಗ ಯಾವಾಗಲೂ ದಷ್ಟಪುಷ್ಟ ಮಕ್ಕಳೇ ಸಿಗ್ತಾರೆ. ಇದು ಸರೀನಾ?

ಆರಿಸಿದವರ ಹುಟ್ಟಿದ ತಿಂಗಳು ಬರೆದು ನೋಡಿ. ವಯೋಮಿತಿಯ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುತ್ತಾರೆ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚೂ ಕಡಿಮೆ ಒಂದು ವರ್ಷದ ಅಂತರ, ಆದರೆ ಗುಂಪು ಒಂದೇ. 1985ರಲ್ಲಿ ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ಇದನ್ನು ಗುರುತಿಸಿ ಬರೆದರು, ಆಮೇಲೆ ಎಷ್ಟೋ ಆಟಗಳಲ್ಲಿ ಇದೇ ಕಂಡಿತು. ಹಾಗಾಗಿ ಒಂದೇ ದಿನದ ಆಯ್ಕೆ ಮಾಡಬೇಡಿ. ಜೆರ್ಸಿ ನಂಬರನ್ನು ಹುಟ್ಟಿದ ದಿನಾಂಕದ ಕ್ರಮದಲ್ಲಿ ಕೊಟ್ಟರೆ ನೋಡುವವರಿಗೆ ಯಾರು ಚಿಕ್ಕವರು ಅನ್ನುವುದು ನೆನಪಿರುತ್ತದೆ. ಕೆಲವೊಮ್ಮೆ ವಯಸ್ಸು ಬಿಟ್ಟು, ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ. ಬಲದಿಂದ ಗೆಲ್ಲುತ್ತಿದ್ದವನು ಬುದ್ಧಿಯಿಂದ ಆಡಬೇಕಾಗುತ್ತದೆ, ಚಿಕ್ಕವನಿಗೆ ಬಾಲ್ ಸಿಗುತ್ತದೆ.

ತೂಕ ಎತ್ತಿಸಿದರೆ ಬೆಳವಣಿಗೆ ನಿಲ್ಲುತ್ತೆ ಅಂತಾರಲ್ಲ?

ನಿಲ್ಲುವುದಿಲ್ಲ. ತಿಳಿದವರು ಪಕ್ಕದಲ್ಲಿದ್ದು, ಮೊದಲು ಮೈತೂಕದಲ್ಲೇ ಭಂಗಿ ಕಲಿಸಿ, ನಿಧಾನಕ್ಕೆ ಹೆಚ್ಚಿಸಿದರೆ ಮಕ್ಕಳಿಗೂ ಬಲದ ತರಬೇತಿ ಸುರಕ್ಷಿತ. ಯಾರು ಜಾಸ್ತಿ ಎತ್ತುತ್ತಾರೆ ಅನ್ನುವ ಪಂದ್ಯ ಮಾತ್ರ ಬೇಡ.

ಸೆಷನ್ ಚೆನ್ನಾಗಿತ್ತೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು?

ಗೆದ್ದೆವೋ ಸೋತೆವೋ ಅನ್ನುವುದರಿಂದ ಗೊತ್ತಾಗುವುದಿಲ್ಲ. ಯಾರಾದರೂ ಒಬ್ಬ ಪೋಷಕರ ಕೈಗೆ ಪೆನ್ನು ಕೊಟ್ಟು, ಒಂದು ಮಗುವಿಗೆ ಎಷ್ಟು ಸಲ ಬಾಲ್ ಸಿಕ್ಕಿತು ಅಂತ ಗೆರೆ ಹಾಕಲು ಹೇಳಿ. ನೀವೇ ಆರಿಸಿದ ಮಗು ಬೇಡ, ಹಾಜರಿ ಪುಸ್ತಕದಲ್ಲಿ ಕಣ್ಣುಮುಚ್ಚಿ ಬೆರಳಿಟ್ಟ ಹೆಸರು ಇರಲಿ. ಇನ್ನೊಂದು ದಿನ, ನೀವು ಮಾತಾಡಿದ ಒಟ್ಟು ನಿಮಿಷ ಎಣಿಸಲು ಹೇಳಿ. ಎರಡೂ ಅಂಕಿಗಳನ್ನು ಮೊದಲ ಸಲ ನೋಡಿದಾಗ ಹೆಚ್ಚಿನವರು ಸುಮ್ಮನಾಗುತ್ತಾರೆ.

ಮಕ್ಕಳು ಹೊರಟ ಮೇಲೆ, ಕೋನ್ ಎತ್ತಿಡುವ ಮೊದಲು ಮೂರು ಸಾಲು ಬರೆಯಿರಿ. ಇವತ್ತು ಯಾವುದು ನಡೆಯಿತು. ಯಾವುದು ನಡೆಯಲಿಲ್ಲ. ಇವತ್ತು ನಾನು ಮಾತಾಡಿಸದೇ ಬಿಟ್ಟ ಮಗು ಯಾವುದು. ಮುಂದಿನ ಸೆಷನ್‌ಗೆ ಆ ಮೂರನೇ ಸಾಲಿನ ಮಗು ಬರುವಾಗ, ಗೇಟಿನ ಹತ್ತಿರವೇ ಹೋಗಿ ಹೆಸರು ಹಿಡಿದು ಮಾತಾಡಿಸಿ.